ಡಂಬಳದ ಚುಕ್ಕಿ: ಒಂದು ಚೌಕ, ಆರು ಸಲ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇವತ್ತಿನ ಕಥೆ ಒಂದು ಇಸವಿಯಿಂದ ಶುರುವಾಗುತ್ತೆ. 1926.

ಆ ವರ್ಷ ಜರ್ಮನಿಯಲ್ಲಿ ಒಂದು ಪುಸ್ತಕ ಹೊರಗೆ ಬಂತು. ಬರೆದವರು ವಾಸಿಲಿ ಕ್ಯಾಂಡಿನ್‌ಸ್ಕಿ. ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರ, ಆಗ ಬೌಹೌಸ್ ಅನ್ನೋ ವಿನ್ಯಾಸ ಶಾಲೆಯಲ್ಲಿ ಮೇಷ್ಟ್ರು. ಪುಸ್ತಕದ ವಿಷಯ ಇಷ್ಟೇ: ಚುಕ್ಕಿ, ಗೆರೆ, ಮತ್ತು ಅವು ಕೂತುಕೊಳ್ಳುವ ಸಮತಲ. ಚುಕ್ಕಿ ಸರಿದರೆ ಗೆರೆ, ಗೆರೆ ಸುತ್ತುವರಿದರೆ ಆಕಾರ. ನೀವು ಇವತ್ತು ಯಾವ ಡಿಸೈನ್ ಕೋರ್ಸಿಗೆ ಸೇರಿದರೂ ಮೊದಲ ವಾರ ಹೆಚ್ಚುಕಡಿಮೆ ಇದನ್ನೇ ಹೇಳಿಕೊಡ್ತಾರೆ. ಚುಕ್ಕಿ, ಗೆರೆ, ಆಕಾರ, ಬಣ್ಣ, ಮೇಲ್ಮೈ ಅನ್ನೋ ಮೂಲವಸ್ತುಗಳು. ಆಮೇಲೆ ಅವನ್ನು ಜೋಡಿಸೋ ನಿಯಮಗಳು: ಸಮತೋಲ, ಲಯ, ಪುನರಾವರ್ತನೆ, ಪ್ರಮಾಣ, ಒಂದಕ್ಕೊಂದು ಎದುರಾಗಿ ನಿಲ್ಲಿಸೋ ಕಾಂಟ್ರಾಸ್ಟ್.

ಅದೇ 1926ರಲ್ಲಿ ಕಲ್ಕತ್ತಾದಿಂದ ಇನ್ನೊಂದು ದೊಡ್ಡ ಪುಸ್ತಕ ಪ್ರಕಟವಾಯ್ತು. ಭಾರತೀಯ ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದ್ದ ಹೆನ್ರಿ ಕಸಿನ್ಸ್ ಬರೆದದ್ದು. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ. ಅದರಲ್ಲಿ ಲಕ್ಕುಂಡಿ ಇದೆ, ಗದಗ ಇದೆ, ಡಂಬಳ ಇದೆ.

ಈ ಎರಡು ಪುಸ್ತಕಗಳು ಒಂದನ್ನೊಂದು ಭೇಟಿ ಆಗಲೇ ಇಲ್ಲ. ಒಂದು ಹೋಗಿ 'ಡಿಸೈನ್' ಅನ್ನೋ ಕಪಾಟಿನಲ್ಲಿ ಕೂತಿತು, ಇನ್ನೊಂದು 'ಪುರಾತತ್ವ'ದ ಕಪಾಟಿನಲ್ಲಿ. 1919ರಲ್ಲಿ ಶುರುವಾದ ಬೌಹೌಸ್ ನಾತ್ಸಿಗಳ ಒತ್ತಡಕ್ಕೆ 1933ರಲ್ಲಿ ಮುಚ್ಚಿತು, ಆದರೆ ಅಲ್ಲಿನ ಮೇಷ್ಟ್ರುಗಳು ದೇಶ ದೇಶ ಹಂಚಿಹೋದರು, ಅವರ ಜೊತೆ ಪಾಠವೂ ಹೋಯ್ತು. ನಮ್ಮಲ್ಲಿ 1958ರಲ್ಲಿ ಅಮೆರಿಕದ ಈಮ್ಸ್ ದಂಪತಿ ಸರ್ಕಾರಕ್ಕೆ ಒಂದು ವರದಿ ಕೊಟ್ಟರು, 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು, ಬೌಹೌಸಿನ ಮೊದಲ ವರ್ಷದ ಪಾಠ ರೂಪ ಬದಲಿಸಿಕೊಂಡು ಅಲ್ಲಿಗೂ ಬಂತು. ಅದರ ಬಗ್ಗೆ ನನ್ನ ತಕರಾರೇನಿಲ್ಲ, ಒಳ್ಳೆ ಪಾಠಾನೇ. ಆದರೆ ಗದಗಿನ ಹುಡುಗ ಹುಡುಗಿ ಬೆಂಗಳೂರಿಗೆ ಹೋಗಿ ಚುಕ್ಕಿ, ಗೆರೆ, ಲಯ ಅಂತ ಕಲೀವಾಗ, ಊರಿನ ಪಕ್ಕದಲ್ಲೇ ಅದೇ ಪಾಠ ಕಲ್ಲಿನಲ್ಲಿ ನಿಂತಿದೆ ಅಂತ ಯಾರೂ ಹೇಳಲ್ಲ. ಹೇಳಿದರೂ 'ನಮ್ಮ ಪರಂಪರೆ' ಅಂತ ಹೇಳ್ತಾರೆ, 'ಇದು ವಿನ್ಯಾಸ, ಇದನ್ನು ಒಬ್ಬರು ಕೂತು ಲೆಕ್ಕ ಹಾಕಿದ್ದಾರೆ' ಅಂತ ಹೇಳಲ್ಲ.

ಹಾಗಾಗಿ ಇವತ್ತು ಲೆಕ್ಕ ಹಾಕೋಣ.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯೋರಿಗೆ ಚುಕ್ಕಿ ಅಂದ್ರೆ ಎರಡು ಅರ್ಥ. ಬಾಗಿಲ ಮುಂದೆ ರಂಗೋಲಿಗೆ ಇಡೋದೂ ಚುಕ್ಕಿ, ರಾತ್ರಿ ಆಕಾಶದಲ್ಲಿ ಕಾಣೋದೂ ಚುಕ್ಕಿ. ಬಿಂದುವಿಗೂ ನಕ್ಷತ್ರಕ್ಕೂ ಒಂದೇ ಮಾತು. ಡಂಬಳದಲ್ಲಿರೋದು ಎರಡನೇ ಥರದ ಚುಕ್ಕಿ.

ಡಂಬಳ ಮುಂಡರಗಿ ತಾಲ್ಲೂಕಿನ ಊರು, ಗದಗಿನಿಂದ ಸುಮಾರು 20 ಕಿಲೋಮೀಟರ್. ಹಿಂದೆ ಇದು ಸಣ್ಣ ಊರಲ್ಲ. 1095ರ ಒಂದು ಶಾಸನ ಇಲ್ಲಿ ಬೌದ್ಧರ ತಾರಾದೇವಿಗೆ ದಾನ ಕೊಟ್ಟಿದ್ದನ್ನು ಹೇಳುತ್ತೆ, ಅಂದ್ರೆ ಕರ್ನಾಟಕದಲ್ಲಿ ಬೌದ್ಧಧರ್ಮ ಬಹಳ ಕಡೆ ಮರೆಯಾಗ್ತಾ ಬಂದ ಕಾಲದಲ್ಲೂ ಇಲ್ಲಿ ಉಳಿದಿತ್ತು. ಅದು ಬೇರೆಯೇ ಸಂಚಿಕೆ ಆಗಬೇಕಾದ ಕಥೆ. ನಾವು ನೋಡೋದು ದೊಡ್ಡಬಸಪ್ಪ ದೇವಸ್ಥಾನ. ಹನ್ನೆರಡನೇ ಶತಮಾನ, ಕಲ್ಯಾಣದ ಚಾಲುಕ್ಯರ ಕಾಲ. ಗುಡಿ ಶಿವನದು, ಹೆಸರು ಮಾತ್ರ ಎದುರಿಗಿರೋ ದೊಡ್ಡ ಬಸವಣ್ಣನದು.

ಹೊರಗಿನಿಂದ ಗರ್ಭಗುಡಿಯ ಭಾಗವನ್ನು ಸುತ್ತು ಹಾಕಿದರೆ ಗೋಡೆ ಅನ್ನೋದೇ ಸಿಗಲ್ಲ. ಬರೀ ಮೂಲೆಗಳು. ಒಂದು ಮೂಲೆ ಹೊರಗೆ ಚಾಚುತ್ತೆ, ಒಳಗೆ ಮಡಚುತ್ತೆ, ಮತ್ತೊಂದು ಚಾಚುತ್ತೆ. ತಳವಿನ್ಯಾಸದಲ್ಲಿ ಇದು 24 ಮೂಲೆಗಳ ನಕ್ಷತ್ರ. ಮಂಟಪಕ್ಕೆ ಅಂಟಿಕೊಂಡಿರೋ ಕಡೆ ಕೆಲವು ಮೂಲೆ ಒಳಗೆ ಸೇರಿಹೋಗಿವೆ, ಉಳಿದವೆಲ್ಲ ಬಿಸಿಲಿಗೆ ನಿಂತಿವೆ.

ಈಗ ಫೋನಲ್ಲಿ ಯಾವುದಾದರೂ ಡಿಸೈನ್ ಆ್ಯಪ್ ತೆಗೀರಿ. ಒಂದು ಚೌಕ ಹಾಕಿ. ಅದನ್ನು ಕಾಪಿ ಮಾಡಿ ಅದರ ಮೇಲೇ ಇಟ್ಟು 15 ಡಿಗ್ರಿ ತಿರುಗಿಸಿ. ಇನ್ನೊಂದು ಕಾಪಿ, 30 ಡಿಗ್ರಿ. ಹಾಗೇ 45, 60, 75. ಏಳನೇದು 90 ಡಿಗ್ರಿಗೆ ಬಂದರೆ ಅದು ಮೊದಲನೇ ಚೌಕವೇ. ಅಂದ್ರೆ ಆರು ಚೌಕ, ಒಂದೊಂದಕ್ಕೆ ನಾಲ್ಕು ಮೂಲೆ, ಒಟ್ಟು 24. ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗಿನ ಅಂಚನ್ನು ಮಾತ್ರ ಉಳಿಸಿ. ಡಂಬಳದ ಗುಡಿಯ ನಕ್ಷೆ ನಿಮ್ಮ ಕೈಯಲ್ಲಿದೆ.

ಆ್ಯಪ್ ಇಲ್ಲದೆ ನೆಲದ ಮೇಲೆ ಇದನ್ನು ಬರೆಯೋಕೆ ಏನು ಬೇಕು? ಒಂದು ಗೂಟ, ಒಂದು ಹಗ್ಗ. ಗೂಟಕ್ಕೆ ಹಗ್ಗ ಕಟ್ಟಿ ಒಂದು ಸುತ್ತು ಬಂದರೆ ವೃತ್ತ. ಅದೇ ಹಗ್ಗದ ಅಳತೆಯಲ್ಲಿ ವೃತ್ತದ ಅಂಚಿನ ಮೇಲೆ ಹೆಜ್ಜೆ ಹಾಕ್ತಾ ಹೋದರೆ ಸರಿಯಾಗಿ ಆರು ಹೆಜ್ಜೆಗೆ ಶುರು ಮಾಡಿದ ಜಾಗಕ್ಕೇ ಬರ್ತೀರಿ. ಪ್ರತಿ ಹೆಜ್ಜೆಯನ್ನು ಅರ್ಧ ಮಾಡಿದರೆ 12, ಮತ್ತೆ ಅರ್ಧ ಮಾಡಿದರೆ 24. ಪ್ರತಿ ಆರನೇ ಚುಕ್ಕಿಯನ್ನು ಸೇರಿಸಿದರೆ ಚೌಕ. ಚುಕ್ಕಿ ರಂಗೋಲಿ ಬಿಡಿಸೋ ಯಾರಿಗಾದರೂ ಇದು ಹೊಸದೇನಲ್ಲ.

ನನಗೆ ಇದರಲ್ಲಿ ಅತಿ ಹೆಚ್ಚು ಹಿಡಿಸಿದ್ದು ಒಂದು ಸಣ್ಣ ಸಂಗತಿ. ಹೊರಗೆ ಚಾಚಿರೋ ಪ್ರತಿ ಮೂಲೆಯೂ ಚೌಕದ ಮೂಲೆಯೇ. ಅಂದ್ರೆ 90 ಡಿಗ್ರಿ. ನೋಡೋಕೆ ಇಷ್ಟು ಸಂಕೀರ್ಣವಾಗಿ ಕಾಣೋ ಕಟ್ಟಡದಲ್ಲಿ ಕಲ್ಲು ಕೆತ್ತೋ ಕೆಲಸಗಾರ ವಿಚಿತ್ರ ಕೋನಗಳ ಜೊತೆ ಒದ್ದಾಡಬೇಕಿಲ್ಲ, ಮೂಲೆಮಟ್ಟ ಇಟ್ಟು ನೋಡಿದರೆ ಸಾಕು. ಒಳಗೆ ಮಡಚೋ ಮೂಲೆಗಳ ಸಂದು 105 ಡಿಗ್ರಿ, ಅದೂ ಎಲ್ಲ ಕಡೆ ಒಂದೇ. ಎರಡೇ ಕೋನ. ಎರಡೇ ಕೋನದಲ್ಲಿ ಇಡೀ ಗೋಡೆ ಮುಗೀತು. ನೋಡುವವರಿಗೆ ಸಾವಿರ ಕಾಣಬೇಕು, ಮಾಡುವವರಿಗೆ ಎರಡು ಗೊತ್ತಿದ್ದರೆ ಸಾಕು. ಒಳ್ಳೆಯ ವಿನ್ಯಾಸ ಅಂದ್ರೆ ಏನು ಅಂತ ಕೇಳಿದರೆ ನಾನು ಈ ಗೋಡೆಯನ್ನೇ ತೋರಿಸ್ತೀನಿ.

ಮತ್ತೆ ಇದು ನೆಲದಲ್ಲೇ ನಿಲ್ಲಲ್ಲ. ಏಳು ಅಂತಸ್ತಿನ ಶಿಖರದಲ್ಲಿ ಅದೇ ಮೂಲೆಗಳು ಮೇಲಕ್ಕೆ ಹತ್ತುತ್ತವೆ. ಪ್ರತಿ ಅಂತಸ್ತು ಕೆಳಗಿನದಕ್ಕಿಂತ ಚಿಕ್ಕದು, ಆಕಾರ ಅದೇ. ಮೇಲೆ ಹೋಗ್ತಾ ಹೋಗ್ತಾ 48 ಹಲ್ಲಿನ ಗಾಲಿಯ ಥರ ಕಾಣುತ್ತೆ.

ಇಷ್ಟೆಲ್ಲ ಮೂಲೆ ಯಾಕೆ? ಗುಡಿಯ ಕಲ್ಲಿಗೆ ಇರೋದು ಒಂದೇ ಬಣ್ಣ. ಬಣ್ಣ ಒಂದೇ ಆದಾಗ ಕಾಂಟ್ರಾಸ್ಟ್ ಎಲ್ಲಿಂದ ತರೋದು? ನೆರಳಿನಿಂದ. ಚಪ್ಪಟೆ ಗೋಡೆ ಮೇಲೆ ಬಿಸಿಲು ಒಂದೇ ಸಮ ಬೀಳುತ್ತೆ. ಇಲ್ಲಿ 48 ಮುಖಗಳು 24 ದಿಕ್ಕಿಗೆ ತಿರುಗಿವೆ. ಯಾವ ಹೊತ್ತಿಗೆ ಹೋದರೂ ಕೆಲವು ಮುಖ ಬೆಳ್ಳಗೆ, ಪಕ್ಕದ್ದು ಕಪ್ಪಗೆ. ಮೇಲಿಂದ ಕೆಳಗಿನವರೆಗೆ ಪಟ್ಟೆ ಪಟ್ಟೆ. ಸೂರ್ಯ ಸರಿದ ಹಾಗೆ ಪಟ್ಟೆಗಳೂ ಸರೀತವೆ. ನಟ್ಟ ನಡು ಮಧ್ಯಾಹ್ನ ಹೋಗಿ ಫೋಟೊ ತೆಗೆದು 'ಅಷ್ಟೇನಿಲ್ಲ ಬಿಡ್ರಿ' ಅನ್ನಬೇಡಿ. ಬೆಳಗ್ಗೆ ಇಲ್ಲ ಸಂಜೆ ಓರೆ ಬಿಸಿಲಿಗೆ ಹೋಗ್ರಿ.

ಹಾಗಂತ ಎಲ್ಲ ಹೊಗಳಿಕೆಯೇ ಅಲ್ಲ. ಡಂಬಳದ ಈ ಹಟಕ್ಕೆ ಒಂದು ಬೆಲೆ ಇದೆ. ಸಾಮಾನ್ಯವಾಗಿ ಗುಡಿಯ ಗೋಡೆಯಲ್ಲಿ ನಡುವಿನ ಭಾಗ ಅಗಲ, ಅಲ್ಲೊಂದು ಗೂಡು, ಅದರೊಳಗೆ ಮೂರ್ತಿ. ಕಣ್ಣು ಅಲ್ಲಿಗೆ ಹೋಗಿ ನಿಲ್ಲುತ್ತೆ. ನಕ್ಷತ್ರಾಕಾರದ ಬಹಳಷ್ಟು ಗುಡಿಗಳಲ್ಲೂ ದಿಕ್ಕಿಗೊಂದು ಅಗಲವಾದ ಚಪ್ಪಟೆ ಮುಖ ಬಿಟ್ಟಿರ್ತಾರೆ. ಡಂಬಳದಲ್ಲಿ ಅದಿಲ್ಲ. ಎಲ್ಲ ಮೂಲೆಗಳೂ ಸಮ, ಯಾರೂ ಹೆಚ್ಚಲ್ಲ. ಹಾಗಾಗಿ ಕಣ್ಣು ಸುತ್ತುತ್ತಲೇ ಇರುತ್ತೆ, ಕೂರೋಕೆ ಜಾಗ ಇಲ್ಲ. ಲಯ ಇದೆ, ಒತ್ತು ಇಲ್ಲ. ಇದು ತಪ್ಪಲ್ಲ, ಆಯ್ಕೆ. ಆದರೆ ಒಂದು ಗಂಟೆ ಕೂತು ನೋಡು ಅಂದ್ರೆ ನಾನು ಲಕ್ಕುಂಡಿಗೆ ಹೋಗ್ತೀನಿ.

ಲಕ್ಕುಂಡಿ ಗದಗಿನಿಂದ ಇನ್ನೂ ಹತ್ತಿರ, ಸುಮಾರು 12 ಕಿಲೋಮೀಟರ್. ಹಳೆಯ ಹೆಸರು ಲೊಕ್ಕಿಗುಂಡಿ. 1007ರಲ್ಲಿ ಅತ್ತಿಮಬ್ಬೆ ಇಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದವಳು ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅವಳೇ. ಈ ಜಿನಾಲಯದ ಕಾಲಕ್ಕೆ ಒಂದು ದೊಡ್ಡ ಬದಲಾವಣೆ ಆಗ್ತಿತ್ತು: ಕಲ್ಲು ಬದಲಾಯ್ತು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನಲ್ಲಿ ಇರೋದು ಮರಳುಗಲ್ಲು. ಇಲ್ಲಿ ಬಂದದ್ದು ಬಳಪದ ಕಲ್ಲು. ಮೆತ್ತಗೆ, ನುಣುಪು, ಸಣ್ಣ ಉಳಿಗೂ ಮಾತು ಕೇಳುತ್ತೆ. ಮರಳುಗಲ್ಲಿನಲ್ಲಿ ದೊಡ್ಡ ದೊಡ್ಡ ಮಾತಾಡಬಹುದು. ಬಳಪದ ಕಲ್ಲಿನಲ್ಲಿ ಪಿಸುಮಾತನ್ನೂ ಆಡಬಹುದು.

ಅದಕ್ಕೇ ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲವಾಡ ಹಾಗಿದೆ. ಶಿವನಿಗೊಂದು, ಸೂರ್ಯನಿಗೊಂದು, ಎದುರುಬದುರು ಎರಡು ಗುಡಿ. ಬಾಗಿಲ ಸುತ್ತ ಪಟ್ಟಿಯ ಪಕ್ಕ ಪಟ್ಟಿ, ಒಂದರಲ್ಲಿ ಬಳ್ಳಿ, ಇನ್ನೊಂದರಲ್ಲಿ ಆಕೃತಿಗಳು. ಎಲ್ಲ ಕಿಕ್ಕಿರಿದು ತುಂಬಿದೆ, ಆದರೂ ಗೊಂದಲ ಆಗಲ್ಲ, ಯಾಕಂದ್ರೆ ಪ್ರತಿ ಪಟ್ಟಿಗೂ ತನ್ನದೇ ಆಳ, ತನ್ನದೇ ನೇಯ್ಗೆ. ಪೋಸ್ಟರಿನಲ್ಲಿ ಹೆಡ್‌ಲೈನ್ ಯಾವುದು, ವಿವರ ಯಾವುದು ಅಂತ ಫಾಂಟ್ ಸೈಜಿನಿಂದ ಹೇಳ್ತೀರಲ್ಲ, ಅದನ್ನೇ ಇಲ್ಲಿ ಆಳದಿಂದ ಹೇಳಿದ್ದಾರೆ. ಮಂಟಪದ ಕಂಬಗಳು ತಿರುಗಣೆಗೆ ಹಾಕಿ ಕಡೆದಂಥವು, ಸುತ್ತಲೂ ಚೂರಿಯ ಬಾಯಿಯಷ್ಟು ಹರಿತವಾದ ಬಳೆಬಳೆ ಅಂಚುಗಳು. ಒಂದೊಂದು ಅಂಚೂ ಬೆಳಕಿನ ಒಂದೊಂದು ಗೆರೆ.

ಹೊರಗೋಡೆಯನ್ನು ಗಮನಿಸಿ ನೋಡಿದರೆ ಇನ್ನೊಂದು ಆಟ ಇದೆ. ಅಲ್ಲಿರೋ ಅಲಂಕಾರ ಅಂದ್ರೆ ಹೂವಲ್ಲ, ಗುಡಿಗಳೇ. ಅರೆಗಂಬದ ಮೇಲೆ ಒಂದು ಪುಟ್ಟ ಶಿಖರ. ಕೆಲವು ನಮ್ಮ ದ್ರಾವಿಡ ಥರ, ಕೆಲವು ಉತ್ತರದ ನಾಗರ ಥರ. ದೊಡ್ಡ ಗುಡಿಯ ಮೈಮೇಲೆ ಸಣ್ಣ ಗುಡಿಗಳು. ಇಂಗ್ಲೆಂಡಿನ ವಿದ್ವಾಂಸ ಆ್ಯಡಮ್ ಹಾರ್ಡಿ ಕರ್ನಾಟಕದ ಗುಡಿಗಳನ್ನು ಹೀಗೇ ಓದಬೇಕು ಅಂತಾರೆ: ಇದು ಗೋಡೆಯಲ್ಲ, ಒಳಗಿನಿಂದ ಹೊರಗೆ ಹೊಮ್ಮುತ್ತಿರೋ ಗುಡಿಗಳ ಗುಂಪು. ಒಮ್ಮೆ ಹಾಗೆ ಕಂಡಿತೋ, ಆಮೇಲೆ ಬೇರೆ ಥರ ಕಾಣಲ್ಲ.

ಪುನರಾವರ್ತನೆಯನ್ನು ಅದರ ತುದಿಗೇ ಒಯ್ದ ಇನ್ನೊಂದು ಉದಾಹರಣೆ ಬೇಕಾದರೆ ಲಕ್ಷ್ಮೇಶ್ವರಕ್ಕೆ ಹೋಗಬೇಕು, ಅಂದ್ರೆ ಹಳೆಯ ಪುಲಿಗೆರೆಗೆ. ಅಲ್ಲಿನ ಶಂಖ ಬಸದಿಯಲ್ಲಿ ಸಹಸ್ರಕೂಟ ಜಿನಬಿಂಬ ಇದೆ, ಒಂದೇ ಶಿಲ್ಪದಲ್ಲಿ ಸಾವಿರದಷ್ಟು ಪುಟ್ಟ ಜಿನಮೂರ್ತಿಗಳು. ಹತ್ತಿರದಿಂದ ಮೂರ್ತಿ, ನಾಲ್ಕು ಹೆಜ್ಜೆ ಹಿಂದೆ ಸರಿದರೆ ಬರೀ ಮೇಲ್ಮೈ. ಒಂದೇ ಆಕಾರ ಎಷ್ಟು ಸಲ ಬಂದರೆ ಅದು ಆಕಾರವಾಗಿ ಉಳಿಯದೆ ನೇಯ್ಗೆ ಆಗುತ್ತೆ ಅನ್ನೋ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಈಗ ಒಂದು ಸಣ್ಣ ಜಗಳ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಸೇರಲೇಬೇಕಿತ್ತು, ಸಂತೋಷ. ಆದರೆ ನಕ್ಷತ್ರಾಕಾರದ ಗುಡಿ, ಬಳಪದ ಕಲ್ಲಿನ ಕುಸುರಿ ಅಂದ ಕೂಡಲೇ 'ಹೊಯ್ಸಳ ಶೈಲಿ' ಅಂತ ಹೇಳೋದು ಅಭ್ಯಾಸ ಆಗಿಬಿಟ್ಟಿದೆ. ಲಕ್ಕುಂಡಿಗೆ ಬಂದು 'ಅರೆ, ಇದೂ ಹೊಯ್ಸಳರದಾ?' ಅಂತ ಕೇಳೋರಿದ್ದಾರೆ. ಬಳಪದ ಕಲ್ಲಿಗೆ ಹೊರಳಿದ ಕೆಲಸ ತುಂಗಭದ್ರೆಯ ಈ ಕಡೆ ಮೊದಲೇ ನಡೆದಿತ್ತು. ಬೇಲೂರಿನ ಚೆನ್ನಕೇಶವ ಗುಡಿ 1117ರದು. ಅಲ್ಲಿ ಕೆಲಸ ಮಾಡಿ ಹೆಸರು ಕೆತ್ತಿಹೋದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು, ಚಾಲುಕ್ಯರ ನಾಡಿನವರು. ಕುಶಲಕರ್ಮಿಗಳಿಗೆ ರಾಜವಂಶದ ಗಡಿ ಇರಲಿಲ್ಲ, ಕೆಲಸ ಎಲ್ಲಿದೆಯೋ ಅಲ್ಲಿಗೆ ನಡೆದರು. ಶತಮಾನದ ಕೊನೆಗೆ, 1190ರ ದಶಕದಲ್ಲಿ, ಹೊಯ್ಸಳ ವೀರಬಲ್ಲಾಳ ಲೊಕ್ಕಿಗುಂಡಿಯನ್ನು ಗೆದ್ದು ಇಲ್ಲೇ ಬೀಡುಬಿಟ್ಟ. ಶೈಲಿಗೆ ರಾಜರ ಹೆಸರಿಡೋ ನಮ್ಮ ಪದ್ಧತಿಯೇ ಸ್ವಲ್ಪ ತಪ್ಪು ದಾರಿ ತೋರಿಸುತ್ತೆ. ಉಳಿ ಹಿಡಿದ ಮನೆತನಗಳ ಹೆಸರಿಟ್ಟಿದ್ದರೆ ನಕ್ಷೆಯೇ ಬೇರೆ ಇರ್ತಿತ್ತು.

ಕಲ್ಲು ಸಾಕು, ಬಟ್ಟೆಗೆ ಬರೋಣ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಗುಡಿಯಿಂದ ಸೀರೆಗೆ ವಿನ್ಯಾಸ ಇಳಿದು ಬಂತು ಅಂತ ನಾನು ಹೇಳ್ತಾ ಇಲ್ಲ. ಹೇಳ್ತಿರೋದು ಇಷ್ಟೇ, ಇದೇ ಸೀಮೆಯಲ್ಲಿ ಇನ್ನೊಂದು ಸಾಮಗ್ರಿ, ಇನ್ನೊಂದು ಕೈ, ಅದೇ ಥರದ ಯೋಚನೆ.

ಬೆಟಗೇರಿ ಮಗ್ಗದ ಊರು. ಈ ಭಾಗದ ಹೆಂಗಸರ ಸೀರೆ ಅಂದ್ರೆ ಇಳಕಲ್ ಮಾದರಿ: ಮೈ ಒಂದು ಬಣ್ಣ, ಸೆರಗು ಕೆಂಪು, ಕೆಂಪಿನ ಮೇಲೆ ಬಿಳಿಯ ತೆನೆ. ಟೋಪ್ ತೆನಿ ಸೆರಗು ಅಂತ ಕರೀತಾರೆ. ಅದರಲ್ಲಿ ಜೋಳದ ತೆನೆ ಇದೆ, ಕೋಟೆಯ ಗೋಡೆಯ ಹಲ್ಲುಗಳಿವೆ, ಗುಡ್ಡದ ಸಾಲಿದೆ. ಜೋಳ, ಕೋಟೆ, ಗುಡ್ಡ: ಊರ ಹೊರಗೆ ನಿಂತರೆ ಕಾಣೋದು ಇವೇ. ಮೂರನ್ನೂ ಮೊನಚು ಮೊನಚಾದ ಸಾಲು ಮಾಡಿ ಇಟ್ಟಿದ್ದಾರೆ. ಮೈಯ ಹಾಸನ್ನೂ ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸ್ತಾರೆ, ಹಾಗಾಗಿ ಬಣ್ಣ ಒಂದು ಗೆರೆಯಲ್ಲಿ ಕಡಿದ ಹಾಗೆ ಬದಲಾಗುತ್ತೆ. ಬಣ್ಣಕ್ಕೆ ಬಣ್ಣ ಎದುರು, ನಡುವೆ ಮುಲಾಜಿಲ್ಲ.

ಅದೇ ಸೀರೆ ಮೇಲೆ ಕಸೂತಿ. ಧಾರವಾಡ ಸೀಮೆಯ, ಭೌಗೋಳಿಕ ಗುರುತು ಸಿಕ್ಕಿರೋ ಕಲೆ. ನಿಯಮ ಕಟ್ಟುನಿಟ್ಟು. ಬಟ್ಟೆ ಮೇಲೆ ಪೆನ್ಸಿಲ್ ಮುಟ್ಟಿಸೋ ಹಾಗಿಲ್ಲ, ಅಚ್ಚು ಒತ್ತೋ ಹಾಗಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು. ಗಂಟು ಹಾಕೋ ಹಾಗಿಲ್ಲ. ಹೊಲಿಗೆ ನಾಲ್ಕೇ: ಗವಂತಿ, ಮುರ್ಗಿ, ನೇಯ್ಗೆ, ಮೆಂತೆ. ಗವಂತಿ ನೇರ ಗೆರೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೆ. ನೇಯ್ಗೆ, ಮಗ್ಗದಲ್ಲೇ ಬಂದ ಹಾಗೆ ಕಾಣುತ್ತೆ. ಮೆಂತೆ ಕತ್ತರಿ ಹೊಲಿಗೆ, ತುಂಬೋಕೆ. ಈ ನಾಲ್ಕರಲ್ಲೇ ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು ಎಲ್ಲ ಬರಬೇಕು.

ಎಳೆ ಎಣಿಸಿ ಹಾಕೋದು ಅಂದ್ರೆ ಗ್ರಿಡ್. ಹಾಸು ಹೊಕ್ಕಿನ ಚೌಕಳಿ ಮೇಲೆ ಕೆಲಸ ಮಾಡೋದು, ನಿಮ್ಮ ಫೋನಿನ ಪರದೆ ಪಿಕ್ಸೆಲ್ ಮೇಲೆ ಮಾಡೋ ಹಾಗೇ. ಗ್ರಿಡ್ಡಿನಲ್ಲಿ ದುಂಡು ಬರಲ್ಲ. ಅದಕ್ಕೇ ಕಸೂತಿಯ ಆನೆಗೂ ಮೂಲೆಗಳಿವೆ, ನವಿಲಿಗೂ ಮೂಲೆಗಳಿವೆ, ಗೋಪುರವಂತೂ ಮೆಟ್ಟಿಲೇ. ಅದನ್ನು ಕೊರತೆ ಅಂತ ಅಂದುಕೊಳ್ಳದೆ ಅದರಿಂದಲೇ ಒಂದು ಮುಖ ಮಾಡಿಕೊಂಡರು. ದೂರದಿಂದ ನೋಡಿದರೂ ಇದು ಕಸೂತಿ ಅಂತ ಗುರುತು ಸಿಗೋದು ಆ ಮೂಲೆಗಳಿಂದ.

ಗವಂತಿಯ ಲೆಕ್ಕ ಇನ್ನೂ ಬಿಗಿ. ಹೋಗುವಾಗ ಸೂಜಿ ಒಂದು ಮೇಲೆ, ಒಂದು ಕೆಳಗೆ, ಅಂದ್ರೆ ಗೆರೆ ಅರ್ಧ ಮಾತ್ರ ತುಂಬುತ್ತೆ. ಬರುವಾಗ ಬಿಟ್ಟ ಜಾಗ ತುಂಬುತ್ತಾ ಬರಬೇಕು. ಹೊರಟ ಜಾಗಕ್ಕೇ ವಾಪಸ್ ಬರಬೇಕು, ಗಂಟಿಲ್ಲದೆ. ಎಲ್ಲಿ ತಿರುಗಬೇಕು, ಕವಲು ಒಡೆದಲ್ಲಿ ಯಾವ ಕಡೆ ಮೊದಲು ಹೋಗಿ ಬರಬೇಕು ಅನ್ನೋ ಇಡೀ ದಾರಿ ಹೊಲಿಯೋ ಹೆಣ್ಣುಮಗಳ ತಲೆಯಲ್ಲಿ ಮೊದಲೇ ಇರಬೇಕು. ಕಾಗದ ಇಲ್ಲ. ಕೊನೆಗೆ ಬಟ್ಟೆಯ ಮುಂದೂ ಹಿಂದೂ ಒಂದೇ ಥರ.

ಈಗ ಅಂಗಡಿಗಳಲ್ಲಿ ಕಂಪ್ಯೂಟರ್ ಮಷೀನಿನ ಕಸೂತಿ ಸಿಗುತ್ತೆ, ಕಸೂತಿ ಥರದ ಪ್ರಿಂಟ್ ಕೂಡ. ಬೆಲೆ ಕಡಿಮೆ. ಕೊಳ್ಳೋರನ್ನು ನಾನು ದೂರಲ್ಲ, ಕೈಕಸೂತಿ ಸೀರೆ ಎಲ್ಲರ ಕೈಗೆ ಎಟಕುವಂಥದ್ದಲ್ಲ. ನೋವು ಇರೋದು ಬೇರೆ ಕಡೆ. ಮಷೀನಿಗೆ ಆ ಗೋಪುರವನ್ನು ಕಂಪ್ಯೂಟರಿನಲ್ಲಿ ಹಾಕಿಕೊಟ್ಟೋರನ್ನು 'ಡಿಸೈನರ್' ಅಂತೀವಿ. ಅದೇ ಗೋಪುರವನ್ನು ಎಳೆ ಎಣಿಸಿ ತಲೆಯಿಂದಲೇ ತೆಗೆದ ಅಜ್ಜಿಯನ್ನು 'ಕಸೂತಿ ಹಾಕೋರು' ಅಂತೀವಿ. ಹೆಸರಿನ ಜೊತೆ ಕೂಲಿಯೂ ಬದಲಾಗುತ್ತೆ. ಮಗಳಿಗೆ ಇದನ್ನು ಕಲಿಸಬೇಕೋ ಬೇಡವೋ ಅಂತ ಆ ಮನೆಯವರು ಯೋಚನೆ ಮಾಡೋದು ಆ ಕೂಲಿ ನೋಡಿಯೇ.

ಕೈದೋ ಮಷೀನಿನದೋ ಅಂತ ತಿಳಿಯೋದು ಕಷ್ಟ ಏನಲ್ಲ. ಸೀರೆಯ ಸೆರಗು ಹಿಡಿದು ತಿರುವಿಹಾಕಿ ಹಿಂಬದಿ ನೋಡ್ರಿ. ಮಷೀನಿನದಾದರೆ ಕೆಳಗಿನ ದಾರ ಕಾಣುತ್ತೆ, ಕೆಲವು ಸಲ ಅಂಟಿಸಿದ ಬಿಳಿ ಹಾಳೆಯೂ. ಗವಂತಿಯಾದರೆ ಹಿಂದೆಯೂ ಅದೇ ಗೋಪುರ ನಿಂತಿರುತ್ತೆ.

ಈ ಸಂಚಿಕೆ ಇಲ್ಲಿಗೆ. ಆರು ಚೌಕದ ಆಟ ಫೋನಲ್ಲಿ ಮಾಡಿ ನೋಡಿದರೆ ಸ್ಕ್ರೀನ್‌ಶಾಟ್ ಕಳಿಸಿ. ಮನೆಯಲ್ಲಿ ಹಳೆಯ ಕಸೂತಿ ಸೀರೆ ಇದ್ದರೆ ಮುಂದಿನದೂ ಹಿಂದಿನದೂ ಎರಡೂ ಫೋಟೊ ಕಳಿಸ್ರಿ.